ಆಟೋಕ್ಯಾಡ್ ಸಿಸ್ಟಂ ವೇರಿಯಬಲ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರಿನಲ್ಲಿ ನಕ್ಷೆ ಎಳೆಯುವ ಆಟೋಕ್ಯಾಡ್ ಸಾಫ್ಟ್‌ವೇರ್ ಕಲಿಸುವ ಕಡೆಯೆಲ್ಲ ಲೈನ್, ಸರ್ಕಲ್, ಟ್ರಿಮ್ ಹೇಳಿಕೊಡುತ್ತಾರೆ. ಸಿಸ್ಟಂ ವೇರಿಯಬಲ್ ಬಗ್ಗೆ ಮಾತ್ರ ಯಾರೂ ಕೂತು ಹೇಳುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಹುಡುಗರು ಪರದಾಡುವುದು ಅಲ್ಲೇ. ನಿನ್ನೆ ಸರಿಯಿದ್ದದ್ದು ಇವತ್ತು ಯಾಕೆ ಹೀಗಾಯ್ತು, ನನ್ನ ಸಿಸ್ಟಮ್ಮಿನಲ್ಲಿ ಬರುವುದು ಪಕ್ಕದ ಸಿಸ್ಟಮ್ಮಿನಲ್ಲಿ ಯಾಕೆ ಬರುವುದಿಲ್ಲ ಅಂತ ಕೇಳುತ್ತಲೇ ಇರುತ್ತಾರೆ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಒಂದು ಸೂಚನೆ. ವೇರಿಯಬಲ್ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ, ನೀವು ಕಮಾಂಡ್ ಲೈನಿನಲ್ಲಿ, ಅಂದರೆ ಕಮಾಂಡ್ ಹೊಡೆಯುವ ಸಾಲಿನಲ್ಲಿ, ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಮೊದಲ ಮೂರ್ನಾಲ್ಕು ಅಕ್ಷರ ಹೊಡೆದರೆ ಪೂರ್ತಿ ಹೆಸರು ಪಟ್ಟಿಯಲ್ಲಿ ಬರುತ್ತದೆ. ಸ್ಪೆಲಿಂಗ್ ಗೊಂದಲ ಆಗುವ ಕಡೆ ಅಕ್ಷರ ಬಿಡಿಸಿ ಬರೆದಿದ್ದೇನೆ. ಇಲ್ಲಿ ಹೇಳಿರುವುದು ವಿಂಡೋಸ್ ಆಟೋಕ್ಯಾಡಿಗೆ.

ಸಿಸ್ಟಂ ವೇರಿಯಬಲ್ ಅಂದರೆ ಏನು?

ಸಾಫ್ಟ್‌ವೇರ್ ಹೇಗೆ ನಡೆದುಕೊಳ್ಳಬೇಕು ಅಂತ ತೀರ್ಮಾನಿಸುವ ಚಿಕ್ಕ ಚಿಕ್ಕ ಸೆಟ್ಟಿಂಗ್‌ಗಳು. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ವ್ಯಾಲ್ಯೂ. ಎಷ್ಟೋ ಸಲ ಆ ವ್ಯಾಲ್ಯೂ ಬರೀ 0 ಅಥವಾ 1. ಆಪ್ಷನ್ಸ್ ಡಯಲಾಗಿನಲ್ಲಿ ನೀವು ಟಿಕ್ ಹಾಕಿದಾಗಲೂ ಹೆಚ್ಚಾಗಿ ಬದಲಾಗುವುದು ಇವೇ.

ಹೆಸರು ಟೈಪ್ ಮಾಡಿ ಎಂಟರ್ ಒತ್ತಿ. ಈಗಿನ ವ್ಯಾಲ್ಯೂ ತೋರಿಸಿ ಹೊಸದು ಕೇಳುತ್ತದೆ. ಸುಮ್ನೆ ನೋಡುವುದಿದ್ದರೆ ಎಸ್ಕೇಪ್ ಒತ್ತಿ ಆಚೆ ಬನ್ನಿ. ಬೇರೆ ಕಮಾಂಡ್ ಮಧ್ಯದಲ್ಲಿದ್ದರೆ ಹೆಸರಿನ ಮುಂದೆ ಒಂದು ಅಪಾಸ್ಟ್ರಫಿ ಹಾಕಿದರೆ ಸಾಕು, ಕಮಾಂಡ್ ಕಟ್ ಆಗುವುದಿಲ್ಲ. ಎಲ್ಲ ವೇರಿಯಬಲ್‌ಗಳ ಪಟ್ಟಿ ಬೇಕಿದ್ದರೆ ಸೆಟ್‌ವಾರ್ ಅಂತ ಕೊಟ್ಟು, ಪ್ರಶ್ನೆ ಚಿಹ್ನೆ ಕೊಟ್ಟು, ಆಮೇಲೆ ನಕ್ಷತ್ರ ಚಿಹ್ನೆ ಕೊಡಿ. ಕೆಲವನ್ನು ಓದಬಹುದು, ಬದಲಿಸಲು ಆಗುವುದಿಲ್ಲ. ಫೈಲಿನ ಹೆಸರು ಇಟ್ಟುಕೊಂಡಿರುವ ಡಿಡಬ್ಲ್ಯೂಜಿನೇಮ್ ಅಂಥದ್ದು.

ಎಷ್ಟು ಸಲ ಬದಲಿಸಿದರೂ ಸೆಟ್ಟಿಂಗ್ ವಾಪಸ್ ಹಳೇದಕ್ಕೇ ಹೋಗುತ್ತದೆ, ಯಾಕೆ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ. ವೇರಿಯಬಲ್‌ನ ವ್ಯಾಲ್ಯೂ ಎಷ್ಟು ಅನ್ನುವುದಕ್ಕಿಂತ ಅದು ಎಲ್ಲಿ ಉಳಿಯುತ್ತದೆ ಅನ್ನುವುದು ಮುಖ್ಯ.

ಕೆಲವು ಡ್ರಾಯಿಂಗ್ ಫೈಲಿನ ಒಳಗೇ ಸೇವ್ ಆಗುತ್ತವೆ. ಎಲ್‌ಟಿಸ್ಕೇಲ್, ಮಿರ್‌ಟೆಕ್ಸ್ಟ್, ಇನ್ಸ್‌ಯೂನಿಟ್ಸ್, ಡಿಮ್‌ಅಸೋಕ್, ಫಿಲ್‌ಮೋಡ್ ಈ ಜಾತಿ. ಫೈಲ್ ಎಲ್ಲಿಗೆ ಹೋದರೂ ಇವೂ ಜೊತೆಗೆ ಹೋಗುತ್ತವೆ. ನೀವು ಒಂದು ಫೈಲಿನಲ್ಲಿ ಸರಿಮಾಡಿದರೆ ಆ ಫೈಲ್ ಮಾತ್ರ ಸರಿಯಾಗುತ್ತದೆ, ನಾಳೆ ಇನ್ನೊಬ್ಬರು ಕಳಿಸಿದ ಫೈಲಿನಲ್ಲಿ ಅವರ ಸೆಟ್ಟಿಂಗೇ ಇರುತ್ತದೆ.

ಇನ್ನು ಕೆಲವು ನಿಮ್ಮ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ, ಉಳಿಯುತ್ತವೆ. ಫೈಲ್‌ಡಯಾ, ಪಿಕ್‌ಆಡ್, ಸೇವ್‌ಟೈಮ್, ಜೂಮ್‌ಫ್ಯಾಕ್ಟರ್, ಓಎಸ್‌ಮೋಡ್ ಇಂಥವು. ಇವು ಯಾವ ಫೈಲ್ ತೆರೆದರೂ ಒಂದೇ ರೀತಿ ಇರುತ್ತವೆ, ಆದರೆ ಪಕ್ಕದ ಟೇಬಲ್ಲಿನ ಸಿಸ್ಟಮ್ಮಿಗೆ ಕೂತರೆ ಬೇರೆ.

ಮೂರನೇ ಜಾತಿ ಎಲ್ಲೂ ಉಳಿಯುವುದಿಲ್ಲ. ಹೈಲೈಟ್, ಓಸ್ನ್ಯಾಪ್‌ಜೆಡ್, ಎಕ್ಸ್‌ಪರ್ಟ್ ಇಂಥವು. ಮತ್ತೆ ತೆರೆದಾಗ ಮೊದಲಿನ ಸ್ಥಿತಿಗೇ ಬಂದಿರುತ್ತವೆ.

ಆಟೋಕ್ಯಾಡ್ ಹೆಲ್ಪಿನಲ್ಲಿ ಪ್ರತಿ ವೇರಿಯಬಲ್ ಪುಟದ ಮೇಲ್ಭಾಗದಲ್ಲೇ ಇದು ಯಾವ ಜಾತಿ ಅಂತ ಬರೆದಿರುತ್ತದೆ. ಮೊದಲು ಅದನ್ನು ನೋಡಿ, ಆಮೇಲೆ ವ್ಯಾಲ್ಯೂ ಮುಟ್ಟಿ. ಡ್ರಾಯಿಂಗಿನಲ್ಲಿ ಉಳಿಯುವುದಾದರೆ ಆಫೀಸಿನ ಟೆಂಪ್ಲೇಟ್ ಫೈಲಿನಲ್ಲಿ ಸರಿಮಾಡಿ ಇಟ್ಟುಬಿಡಿ, ಅಲ್ಲಿಂದ ಹುಟ್ಟುವ ಹೊಸ ಫೈಲುಗಳೆಲ್ಲ ಸರಿಯಾಗೇ ಬರುತ್ತವೆ. ರಿಜಿಸ್ಟ್ರಿಯದಾದರೆ ಆ ಸಿಸ್ಟಮ್ಮಿನಲ್ಲಿ ಒಂದು ಸಲ ಸರಿಮಾಡಿದರೆ ಆಯ್ತು. ಬೇಕಿದ್ದರೆ ಆಪ್ಷನ್ಸ್‌ನ ಪ್ರೊಫೈಲ್ಸ್ ಟ್ಯಾಬಿನಲ್ಲಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಎಲ್ಲೂ ಉಳಿಯದ ಜಾತಿಗೆ ಲಿಸ್ಪ್ ಫೈಲ್ (ಆಟೋಕ್ಯಾಡಿನೊಳಗೆ ಓಡುವ ಪುಟ್ಟ ಪ್ರೋಗ್ರಾಂ) ಬೇಕು, ಅದನ್ನು ಕೆಳಗೆ ಹೇಳಿದ್ದೇನೆ.

ಓಪನ್ ಕೊಟ್ಟರೆ ವಿಂಡೋ ಬರುತ್ತಿಲ್ಲ, ಕಮಾಂಡ್ ಲೈನಿನಲ್ಲಿ ಫೈಲ್ ಹೆಸರು ಕೇಳುತ್ತಿದೆ. ಸಾಫ್ಟ್‌ವೇರ್ ಹಾಳಾಯ್ತಾ?

ಇಲ್ಲ. ಫೈಲ್‌ಡಯಾ 0 ಆಗಿದೆ. 1 ಮಾಡಿ. ಯಾವುದೋ ಲಿಸ್ಪ್ ಅಥವಾ ಸ್ಕ್ರಿಪ್ಟ್ ತನ್ನ ಕೆಲಸಕ್ಕೆ ಅದನ್ನು 0 ಮಾಡಿಕೊಂಡಿರುತ್ತದೆ, ಮಧ್ಯದಲ್ಲಿ ನೀವು ಎಸ್ಕೇಪ್ ಒತ್ತಿದರೆ ವಾಪಸ್ 1 ಮಾಡುವ ಸಾಲಿಗೆ ಹೋಗುವುದೇ ಇಲ್ಲ. ರಿಜಿಸ್ಟ್ರಿ ಜಾತಿಯಾದ್ದರಿಂದ ಬಂದ್ ಮಾಡಿ ತೆರೆದರೂ ಹಾಗೇ ಇರುತ್ತದೆ. ಇದಕ್ಕಾಗಿ ಸಾಫ್ಟ್‌ವೇರನ್ನೇ ಅನ್‌ಇನ್‌ಸ್ಟಾಲ್ ಮಾಡಿ ಹಾಕಿದವರಿದ್ದಾರೆ. ಬೇಡ.

ಅರ್ಜೆಂಟಲ್ಲಿ ಇದ್ದರೆ ಹೆಸರು ಕೇಳಿದ ಜಾಗದಲ್ಲಿ ಟಿಲ್ಡೆ ಚಿಹ್ನೆ ಹೊಡೆದು ಎಂಟರ್ ಕೊಡಿ, ಆ ಸಲಕ್ಕೆ ಡಯಲಾಗ್ ಬರುತ್ತದೆ.

ಒಂದು ಆಬ್ಜೆಕ್ಟ್ ಸೆಲೆಕ್ಟ್ ಮಾಡಿ ಇನ್ನೊಂದು ಸೆಲೆಕ್ಟ್ ಮಾಡಿದರೆ ಮೊದಲನೆಯದು ಬಿಟ್ಟುಹೋಗುತ್ತದೆ.

ಪಿಕ್‌ಆಡ್ 0 ಆಗಿದೆ. 2 ಕೊಡಿ, ಅದೇ ಮೂಲ ವ್ಯಾಲ್ಯೂ. ಪ್ರಾಪರ್ಟೀಸ್ ಪ್ಯಾಲೆಟ್ಟಿನ ಮೇಲೆ ಒಂದು ಪುಟ್ಟ ಬಟನ್ ಇದೆ, ಅದು ಈ ಪಿಕ್‌ಆಡ್ ಬದಲಿಸುವ ಬಟನ್. ಗೊತ್ತಿಲ್ಲದೆ ಅದರ ಮೇಲೆ ಕ್ಲಿಕ್ ಬಿದ್ದಿರುತ್ತದೆ. ಹತ್ತಕ್ಕೆ ಒಂಬತ್ತು ಸಲ ಇದೇ ಕಾರಣ ಅಂತ ನನ್ನ ಲೆಕ್ಕ.

ಸೆಲೆಕ್ಟ್ ಮಾಡಿ ಡಿಲೀಟ್ ಕೀ ಒತ್ತಿದರೆ ಏನೂ ಆಗುವುದಿಲ್ಲ.

ಪಿಕ್‌ಫಸ್ಟ್ 1 ಮಾಡಿ.

ಸೆಲೆಕ್ಟ್ ಆಗುತ್ತದೆ, ಆದರೆ ನೀಲಿ ಚೌಕಗಳು ಕಾಣುವುದಿಲ್ಲ ಅನ್ನುವುದು ಬೇರೆ ವಿಷಯ. ಗ್ರಿಪ್‌ಆಬ್ಜ್‌ಲಿಮಿಟ್ ಅಂತ ಒಂದಿದೆ. ಮೂಲ ವ್ಯಾಲ್ಯೂ 100. ಅದಕ್ಕಿಂತ ಜಾಸ್ತಿ ಆಬ್ಜೆಕ್ಟ್ ಒಟ್ಟಿಗೆ ಹಿಡಿದರೆ ಗ್ರಿಪ್ ತೋರಿಸುವುದಿಲ್ಲ. ಅದು ತೊಂದರೆ ಅಲ್ಲ, ಸಿಸ್ಟಂ ನಿಧಾನ ಆಗದಿರಲಿ ಅಂತ ಇಟ್ಟಿರುವುದು. ಹಾಗೇ ಬಿಡಿ. ಸೆಲೆಕ್ಟ್ ಆದದ್ದು ಎದ್ದು ಕಾಣುವುದೇ ಇಲ್ಲ ಅಂದರೆ ಹೈಲೈಟ್ 0 ಆಗಿರಬಹುದು, 1 ಮಾಡಿ.

ಮಿರರ್ ಮಾಡಿದರೆ ಅಕ್ಷರಗಳೂ ತಿರುಗುಮುರುಗು ಆಗುತ್ತವೆ.

ಮಿರ್‌ಟೆಕ್ಸ್ಟ್ 0 ಮಾಡಿ. ಎಂ-ಐ ಆದಮೇಲೆ ಎರಡು ಆರ್ ಇದೆ, ನೆನಪಿರಲಿ. ಈಗಿನ ಟೆಂಪ್ಲೇಟುಗಳಲ್ಲಿ 0 ಇರುತ್ತದೆ. ಆದರೂ ಹಳೇ ಫೈಲ್ ತೆರೆದಾಗ 1 ಸಿಗುತ್ತದೆ, ಯಾಕೆಂದರೆ ಇದು ಡ್ರಾಯಿಂಗಿನಲ್ಲಿ ಉಳಿಯುವ ಜಾತಿ. ಹತ್ತು ವರ್ಷದ ಹಿಂದಿನ ಫೈಲನ್ನೇ ಸೇವ್ ಆ್ಯಸ್ ಕೊಟ್ಟು ಹೊಸ ಪ್ಲಾನ್ ಮಾಡುವ ಅಭ್ಯಾಸ ಇರುವ ಆಫೀಸುಗಳಲ್ಲಿ ಈ ದೂರು ಮುಗಿಯುವುದೇ ಇಲ್ಲ. ಮಿರ್‌ಹ್ಯಾಚ್ ಅಂತ ಹ್ಯಾಚಿಗೂ (ಜಾಗ ತುಂಬುವ ಗೆರೆಗಳ ವಿನ್ಯಾಸ) ಇದೇ ಥರದ್ದೊಂದು ಇದೆ.

ಬ್ಲಾಕ್ ಇನ್ಸರ್ಟ್ ಮಾಡಿದರೆ ಮನೆಗಿಂತ ದೊಡ್ಡದಾಗಿ ಬರುತ್ತದೆ, ಇಲ್ಲವೇ ಚುಕ್ಕೆಯಷ್ಟು ಚಿಕ್ಕದಾಗಿ ಬರುತ್ತದೆ.

ಬ್ಲಾಕ್ ಅಂದರೆ ಬಾಗಿಲು, ಕಿಟಕಿಯಂತೆ ಒಂದು ಸಲ ಎಳೆದಿಟ್ಟು ಮತ್ತೆ ಮತ್ತೆ ತಂದು ಕೂರಿಸುವ ಚಿತ್ರ. ನಮ್ಮ ಕಡೆ ಈ ದೂರು ಬಹಳ ಜಾಸ್ತಿ. ಕಾರಣವೂ ನಮ್ಮದೇ. ಮನೆ ಕಟ್ಟಿಸುವವರು ಅಡಿ ಲೆಕ್ಕದಲ್ಲಿ ಮಾತಾಡುತ್ತಾರೆ, 30×40 ಸೈಟ್ ಅಂತಲೇ ಹೇಳುತ್ತಾರೆ. ಸ್ಟ್ರಕ್ಚರಲ್ ಡ್ರಾಯಿಂಗ್ ಮಿಲಿಮೀಟರಿನಲ್ಲಿ ಬರುತ್ತದೆ. ಸರ್ವೆ ಮಾಡಿದವರು ಮೀಟರಿನಲ್ಲಿ ಕೊಡುತ್ತಾರೆ. ಅದೇ ಸೈಟು ಇಂಚಿನ ಫೈಲಿನಲ್ಲಿ 360×480 ಯೂನಿಟ್, ಮಿಲಿಮೀಟರ್ ಫೈಲಿನಲ್ಲಿ 9144×12192, ಮೀಟರ್ ಫೈಲಿನಲ್ಲಿ 9.144×12.192. ಮೂರನ್ನೂ ಒಂದೇ ಕಡೆ ತಂದಾಗ ಎಡವಟ್ಟು ಆಗದೆ ಇರುತ್ತದಾ?

ಫೈಲಿನ ಒಂದು ಯೂನಿಟ್ ಅಂದರೆ ಏನು ಅಂತ ಹೇಳುವುದು ಇನ್ಸ್‌ಯೂನಿಟ್ಸ್. 1 ಅಂದರೆ ಇಂಚು, 2 ಅಡಿ, 4 ಮಿಲಿಮೀಟರ್, 5 ಸೆಂಟಿಮೀಟರ್, 6 ಮೀಟರ್. 0 ಅಂದರೆ ಏನೂ ಹೇಳಿಲ್ಲ ಅಂತ. ತರುವ ಫೈಲಿನಲ್ಲೂ ತರಿಸಿಕೊಳ್ಳುವ ಫೈಲಿನಲ್ಲೂ ಇದು ಸರಿಯಾಗಿದ್ದರೆ ಆಟೋಕ್ಯಾಡೇ ಲೆಕ್ಕ ಹಾಕಿ ಸರಿಯಾದ ಅಳತೆಗೆ ತಂದು ಕೂರಿಸುತ್ತದೆ. ಒಂದರಲ್ಲಿ 0 ಇದ್ದರೆ ಇನ್ಸ್‌ಯೂನಿಟ್ಸ್‌ಡೆಫ್‌ಸೋರ್ಸ್, ಇನ್ಸ್‌ಯೂನಿಟ್ಸ್‌ಡೆಫ್‌ಟಾರ್ಗೆಟ್ ಅನ್ನುವ ಎರಡನ್ನು ನೋಡುತ್ತದೆ. ಅವು ರಿಜಿಸ್ಟ್ರಿ ಜಾತಿ. ಹಾಗಾಗಿ ಒಂದೇ ಬ್ಲಾಕ್ ನಿಮ್ಮ ಸಿಸ್ಟಮ್ಮಿನಲ್ಲಿ ಸರಿಯಾಗಿ, ಪಕ್ಕದ ಸಿಸ್ಟಮ್ಮಿನಲ್ಲಿ 25.4 ಪಟ್ಟು ದೊಡ್ಡದಾಗಿ ಬರಬಹುದು. 25.4 ಪಟ್ಟು ವ್ಯತ್ಯಾಸ ಕಂಡರೆ ಇಂಚು ಮತ್ತು ಮಿಲಿಮೀಟರ್ ಜಗಳ, 1000 ಪಟ್ಟು ಕಂಡರೆ ಮೀಟರ್ ಮತ್ತು ಮಿಲಿಮೀಟರ್ ಜಗಳ ಅಂತ ತಿಳಿಯಿರಿ.

ಗಮನಿಸಿ, ಇನ್ಸ್‌ಯೂನಿಟ್ಸ್ ಬದಲಿಸಿದರೆ ಆಗಲೇ ಎಳೆದಿರುವ ಗೆರೆಗಳು ಬದಲಾಗುವುದಿಲ್ಲ. ಇದು ಹಣೆಪಟ್ಟಿ ಮಾತ್ರ. ಗೆರೆಗಳೇ ತಪ್ಪು ಅಳತೆಯಲ್ಲಿದ್ದರೆ ಸ್ಕೇಲ್ ಕಮಾಂಡಿನಿಂದ ಸರಿಮಾಡಬೇಕು.

ಇನ್ನೊಂದು ಗೊಂದಲ ಎಲ್‌ಯೂನಿಟ್ಸ್. ಅದು ಅಳತೆ ಹೇಗೆ ಕಾಣಬೇಕು ಅನ್ನುವುದಕ್ಕೆ. 2 ಅಂದರೆ ದಶಮಾಂಶ, 4 ಅಂದರೆ ಆರ್ಕಿಟೆಕ್ಚರಲ್, ಅಂದರೆ ಅಡಿ-ಇಂಚು. 4 ಇಟ್ಟರೆ ಆಟೋಕ್ಯಾಡ್ ಒಂದು ಯೂನಿಟನ್ನು ಒಂದು ಇಂಚು ಅಂತಲೇ ಓದುತ್ತದೆ. ಒಂದು ಯೂನಿಟ್ ಅಂದರೆ ಒಂದು ಅಡಿ ಅಂತ ಎಳೆದ ಫೈಲಿನಲ್ಲಿ 4 ಇಟ್ಟರೆ 30 ಅಡಿ ಗೋಡೆ ಎರಡೂವರೆ ಅಡಿ ಆಗಿ ಕಾಣುತ್ತದೆ.

ಏರಿಯಾ ಗುಂಟೆಯಲ್ಲಿ ಬರುವ ಹಾಗೆ ಮಾಡಬಹುದಾ?

ಅಂಥ ವೇರಿಯಬಲ್ ಇಲ್ಲ. ಕೊನೆಗೆ ಅಳೆದ ವಿಸ್ತೀರ್ಣ ಏರಿಯಾ ಅನ್ನುವ ವೇರಿಯಬಲ್‌ನಲ್ಲಿ ಉಳಿದಿರುತ್ತದೆ, ಸೆಟ್‌ವಾರ್ ಮೂಲಕ ನೋಡಬಹುದು. ಗುಂಟೆ ಅಂದರೆ 33×33 ಅಡಿ, 1089 ಚದರ ಅಡಿ. ಮೀಟರಿನಲ್ಲಿ ಎಳೆದಿದ್ದರೆ ಬಂದ ಸಂಖ್ಯೆಯನ್ನು 101.17ರಿಂದ ಭಾಗಿಸಿ. ಇಂಚಿನ ಫೈಲಾದರೆ ಮೊದಲು 144ರಿಂದ, ಆಮೇಲೆ 1089ರಿಂದ.

ಡ್ಯಾಶ್ ಗೆರೆ ಹಾಕಿದ್ದೇನೆ, ಸಾದಾ ಗೆರೆಯಂತೆ ಕಾಣುತ್ತದೆ.

ಮೂರು ವೇರಿಯಬಲ್ ಒಟ್ಟಿಗೆ ನೋಡಬೇಕು. ಎಲ್‌ಟಿಸ್ಕೇಲ್ ಇಡೀ ಫೈಲಿಗೆ. ಎಂಎಸ್‌ಎಲ್‌ಟಿಸ್ಕೇಲ್ 1 ಇದ್ದರೆ ಮಾಡೆಲ್ ಟ್ಯಾಬಿನಲ್ಲಿ ಆನೊಟೇಶನ್ ಸ್ಕೇಲಿಗೆ ತಕ್ಕಂತೆ ಡ್ಯಾಶ್ ಹಿಗ್ಗುತ್ತದೆ. ಪಿಎಸ್‌ಎಲ್‌ಟಿಸ್ಕೇಲ್ 1 ಇದ್ದರೆ ಲೇಔಟಿನ (ಪ್ರಿಂಟಿಗೆ ಜೋಡಿಸುವ ಹಾಳೆ) ಎಲ್ಲ ವ್ಯೂಪೋರ್ಟ್‌ಗಳಲ್ಲೂ (ಹಾಳೆಯಲ್ಲಿ ಡ್ರಾಯಿಂಗ್ ಕಾಣುವ ಕಿಟಕಿಗಳು), ಅದು 1:50 ಇರಲಿ 1:100 ಇರಲಿ, ಡ್ಯಾಶ್ ಒಂದೇ ಉದ್ದ ಕಾಣುತ್ತದೆ. ಲೇಔಟಿನಿಂದ ಪ್ರಿಂಟ್ ಹಾಕುವವರು ಮೂರನ್ನೂ 1 ಇಟ್ಟುಬಿಡಿ, ಆನೊಟೇಶನ್ ಸ್ಕೇಲ್ ಸರಿಯಾಗಿ ಕೊಡಿ. ನನ್ನ ಅನುಭವದಲ್ಲಿ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ. ಮಾಡೆಲ್‌ನಿಂದಲೇ ನೇರ ಪ್ರಿಂಟ್ ಹಾಕುವ ಹಳೇ ಪದ್ಧತಿಯವರು ಎಂಎಸ್‌ಎಲ್‌ಟಿಸ್ಕೇಲ್ 0 ಮಾಡಿ, ಎಲ್‌ಟಿಸ್ಕೇಲನ್ನು ಪ್ರಿಂಟಿನ ಸ್ಕೇಲಿನ ಹತ್ತಿರ, ಅಂದರೆ 1:100ಕ್ಕೆ 50ರಿಂದ 100ರ ಮಧ್ಯೆ ಇಟ್ಟು ನೋಡಬಹುದು.

ಬದಲಿಸಿದ ಮೇಲೆ, ಸ್ಕ್ರೀನಿನಲ್ಲಿರುವುದನ್ನು ಹೊಸದಾಗಿ ಎಳೆದು ತೋರಿಸುವ ರೀಜೆನ್‌ಆಲ್ ಕೊಡುವುದು ಮರೆಯಬೇಡಿ.

ಇಷ್ಟಾದರೂ ಸರಿಯಾಗದಿದ್ದರೆ ಮೆಷರ್‌ಮೆಂಟ್ ನೋಡಿ. 0 ಇದ್ದರೆ ಇಂಚಿನ ಲೈನ್‌ಟೈಪ್ ಮತ್ತು ಹ್ಯಾಚ್ ಫೈಲ್ ಬಳಸುತ್ತದೆ, 1 ಇದ್ದರೆ ಐಎಸ್‌ಒ ಫೈಲ್. ಮಿಲಿಮೀಟರ್ ಡ್ರಾಯಿಂಗಿನಲ್ಲಿ 0 ಇದ್ದರೆ ಡ್ಯಾಶ್‌ಗಳು, ಹ್ಯಾಚ್ ಗೆರೆಗಳು ತೀರಾ ಒತ್ತೊತ್ತಾಗಿ ಬರುತ್ತವೆ. ಇದನ್ನು ಬದಲಿಸಿದರೆ ಆಗಲೇ ಲೋಡ್ ಆದ ಲೈನ್‌ಟೈಪ್ ತಾನಾಗಿ ಬದಲಾಗುವುದಿಲ್ಲ, ಮತ್ತೆ ಲೋಡ್ ಮಾಡಬೇಕು. ಸೆಲ್‌ಟಿಸ್ಕೇಲ್ ಅಂತ ಇನ್ನೊಂದಿದೆ, ಸಿ-ಇ-ಎಲ್-ಟಿ ಅಂತ ಶುರು. ಹೊಸದಾಗಿ ಎಳೆಯುವ ಗೆರೆಗಳಿಗೆ ಮಾತ್ರ ಅನ್ವಯಿಸುತ್ತದೆ. ಅದನ್ನು 1ರಲ್ಲೇ ಬಿಡಿ. ಯಾರೋ ಅದನ್ನು ಮುಟ್ಟಿ ಬಿಟ್ಟ ಫೈಲಿನಲ್ಲಿ ಗೆರೆಗೊಂದು ಅಳತೆಯ ಡ್ಯಾಶ್ ಇರುತ್ತದೆ, ಸರಿಮಾಡಲು ಅರ್ಧ ದಿನ ಬೇಕು.

ಹ್ಯಾಚ್ ಎಲ್ಲ ಮಾಯ ಆಗಿದೆ, ಟೆಕ್ಸ್ಟ್ ಜಾಗದಲ್ಲಿ ಬರೀ ಚೌಕ ಕಾಣುತ್ತಿದೆ.

ಹ್ಯಾಚಿಗೆ ಫಿಲ್‌ಮೋಡ್ 1, ಟೆಕ್ಸ್ಟಿಗೆ ಕ್ಯೂಟೆಕ್ಸ್ಟ್‌ಮೋಡ್ 0. ಆಮೇಲೆ ರೀಜೆನ್. ಎರಡೂ ಡ್ರಾಯಿಂಗಿನಲ್ಲಿ ಉಳಿಯುತ್ತವೆ, ಆದ್ದರಿಂದ ಸೇವ್ ಮಾಡಿ.

ಕನ್ನಡದಲ್ಲಿ ಬರೆದರೆ ಪ್ರಶ್ನೆ ಚಿಹ್ನೆ ಬರುತ್ತದೆ. ಇದಕ್ಕೂ ವೇರಿಯಬಲ್ ಇದೆಯಾ?

ಇದು ಫಾಂಟಿನ ವಿಷಯ. ಆಟೋಕ್ಯಾಡ್ ಜೊತೆ ಬರುವ ಎಸ್‌ಎಚ್‌ಎಕ್ಸ್ ಫಾಂಟ್‌ಗಳಲ್ಲಿ (ಆಟೋಕ್ಯಾಡಿನದೇ ಗೆರೆ ಫಾಂಟ್‌ಗಳು) ಕನ್ನಡ ಅಕ್ಷರ ಇಲ್ಲ. ಟೆಕ್ಸ್ಟ್ ಸ್ಟೈಲಿನಲ್ಲಿ ಟ್ರೂಟೈಪ್ ಫಾಂಟ್ ಕೊಡಿ. ವಿಂಡೋಸಿನ ನಿರ್ಮಲಾ ಯುಐ ಅಥವಾ ತುಂಗಾ ನಡೆಯುತ್ತದೆ. ಹಳೇ ಸರ್ಕಾರಿ ನಕ್ಷೆಗಳ ಕೆಲವು ಫೈಲುಗಳಲ್ಲಿ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಊರು, ಸರ್ವೆ ನಂಬರ್ ಬರೆದಿರುತ್ತಾರೆ. ಆ ಫಾಂಟ್ ನಿಮ್ಮಲ್ಲಿ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫಾಂಟ್ ಹಾಕಿಕೊಂಡರೆ ಸರಿಹೋಗುತ್ತದೆ. ಅಕ್ಷರ ಹಾಳಾಗಿದೆ ಅಂತ ಅಳಿಸಿಬಿಡಬೇಡಿ, ಊರಿನ ಹೆಸರು ಮತ್ತೆ ಹುಡುಕುವುದು ಸುಲಭವಲ್ಲ.

ಸಿಗದ ಎಸ್‌ಎಚ್‌ಎಕ್ಸ್ ಫಾಂಟಿನ ಬದಲಿಗೆ ಯಾವುದು ಬರಬೇಕು ಅಂತ ಫಾಂಟ್‌ಆಲ್ಟ್‌ನಲ್ಲಿ ಹೇಳಬಹುದು. ಮೂಲದಲ್ಲಿ ಸಿಂಪ್ಲೆಕ್ಸ್ ಇರುತ್ತದೆ.

ಕರೆಂಟ್ ಹೋಗಿ ಫೈಲ್ ಹೋಯ್ತು. ಸಿಗುತ್ತದಾ?

ಬಹಳ ಸಲ ಸಿಗುತ್ತದೆ. ಆದರೆ ಅದಕ್ಕೆ ಸೆಟ್ಟಿಂಗ್ ಮೊದಲೇ ಸರಿಯಿರಬೇಕು, ಆದ್ದರಿಂದ ಇದನ್ನು ಇವತ್ತೇ ನೋಡಿಕೊಳ್ಳಿ.

ಸೇವ್‌ಟೈಮ್ ಎಷ್ಟು ನಿಮಿಷಕ್ಕೊಮ್ಮೆ ಆಟೋಸೇವ್ ಆಗಬೇಕು ಅಂತ ಹೇಳುತ್ತದೆ. ಮೂಲ ವ್ಯಾಲ್ಯೂ 10. 0 ಇದ್ದರೆ ಆಟೋಸೇವ್ ಆಫ್. ದೊಡ್ಡ ಫೈಲಿನಲ್ಲಿ ಆಗಾಗ ನಿಲ್ಲುತ್ತದೆ ಅಂತ ಕಿರಿಕಿರಿಯಾಗಿ 0 ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ, ಬೇಕಾದರೆ 15 ಇಟ್ಟುಕೊಳ್ಳಿ. ನಾನು 5 ಇಡುತ್ತೇನೆ.

ಆಟೋಸೇವ್ ಫೈಲು ಎಲ್ಲಿ ಹೋಗುತ್ತದೆ ಅಂತ ಸೇವ್‌ಫೈಲ್‌ಪಾತ್ ಹೇಳುತ್ತದೆ. ಮೂಲದಲ್ಲಿ ಅದು ವಿಂಡೋಸಿನ ಟೆಂಪ್ ಫೋಲ್ಡರ್. ಸಿಸ್ಟಂ ಕ್ಲೀನ್ ಮಾಡುವ ಸಾಫ್ಟ್‌ವೇರುಗಳು ಮೊದಲು ಕೈಹಾಕುವುದು ಅಲ್ಲಿಗೇ. ಡಿ ಡ್ರೈವಿನಲ್ಲಿ ಒಂದು ಫೋಲ್ಡರ್ ಮಾಡಿ ಅದನ್ನು ಕೊಟ್ಟುಬಿಡಿ. ಅಲ್ಲಿ ಎಸ್, ವಿ, ಡಾಲರ್ ಚಿಹ್ನೆ ಇರುವ ಎಕ್ಸ್‌ಟೆನ್ಶನ್ ಜೊತೆ ಫೈಲ್ ಬರುತ್ತದೆ. ಅದನ್ನು ಕಾಪಿ ಮಾಡಿ ಎಕ್ಸ್‌ಟೆನ್ಶನ್ ಡಿಡಬ್ಲ್ಯೂಜಿ ಅಂತ ಬದಲಿಸಿದರೆ ತೆರೆಯುತ್ತದೆ. ಫೈಲನ್ನು ಸರಿಯಾಗಿ ಬಂದ್ ಮಾಡಿದರೆ ಈ ಆಟೋಸೇವ್ ಫೈಲ್ ತಾನಾಗಿ ಅಳಿಸಿಹೋಗುತ್ತದೆ. ಹಾಗಾಗಿ ಬಂದ್ ಮಾಡುವಾಗ ಸೇವ್ ಮಾಡಲಾ ಅಂತ ಕೇಳಿದ್ದಕ್ಕೆ ಬೇಡ ಅಂದರೆ ಇದರಿಂದ ಉಪಯೋಗವಿಲ್ಲ.

ಐಸೇವ್‌ಬ್ಯಾಕ್, ಕೊನೆಯಲ್ಲಿ ಬಿ-ಎ-ಕೆ ಮಾತ್ರ, 1 ಇರಲಿ. ನೀವು ಪ್ರತಿ ಸಲ ಸೇವ್ ಮಾಡಿದಾಗ ಅದಕ್ಕೆ ಹಿಂದಿನ ಪ್ರತಿ ಬ್ಯಾಕ್ ಫೈಲ್ ಆಗಿ ಅದೇ ಫೋಲ್ಡರಿನಲ್ಲಿ ಉಳಿಯುತ್ತದೆ. ಫೋಲ್ಡರ್ ಗಲೀಜಾಗುತ್ತದೆ ಅಂತ ಇದನ್ನು 0 ಮಾಡುತ್ತಾರೆ. ಒಂದು ಫೈಲ್ ಕೆಟ್ಟುಹೋದ ದಿನ ಅದರ ಬೆಲೆ ಗೊತ್ತಾಗುತ್ತದೆ.

ಕರೆಂಟ್ ಬಂದ ಮೇಲೆ ಗಾಬರಿಯಲ್ಲಿ ಹಳೇ ಫೈಲ್ ತೆರೆದು ಸೇವ್ ಕೊಡಬೇಡಿ. ಮೊದಲು ಡ್ರಾಯಿಂಗ್‌ರಿಕವರಿ ಕಮಾಂಡ್ ಕೊಟ್ಟು ಪಟ್ಟಿ ನೋಡಿ, ಯಾವ ಪ್ರತಿ ಇತ್ತೀಚಿನದು ಅಂತ ಸಮಯ ನೋಡಿ ಆರಿಸಿ.

ಓಸ್ನ್ಯಾಪ್ ಪದೇ ಪದೇ ತಾನಾಗೇ ಆಫ್ ಆಗುತ್ತದೆ.

ಓಸ್ನ್ಯಾಪ್ ಅಂದರೆ ಗೆರೆಯ ತುದಿ, ಮಧ್ಯದಂಥ ಬಿಂದುಗಳನ್ನು ಕರ್ಸರ್ ತಾನಾಗಿ ಹಿಡಿಯುವ ಸೌಲಭ್ಯ. ಫೈಲ್‌ಡಯಾ ಕಥೆಯೇ ಇಲ್ಲೂ. ಲಿಸ್ಪ್ ಒಂದು ಓಎಸ್‌ಮೋಡ್ 0 ಮಾಡಿ ಮಧ್ಯದಲ್ಲಿ ನಿಂತಿದೆ.

ಓಎಸ್‌ಮೋಡ್ ಒಂದೇ ಸಂಖ್ಯೆ, ಆದರೆ ಅದರಲ್ಲಿ ಎಲ್ಲ ಸ್ನ್ಯಾಪ್‌ಗಳೂ ಸೇರಿವೆ. ಎಂಡ್‌ಪಾಯಿಂಟ್ 1, ಮಿಡ್‌ಪಾಯಿಂಟ್ 2, ಸೆಂಟರ್ 4, ನೋಡ್ 8, ಕ್ವಾಡ್ರಂಟ್ 16, ಇಂಟರ್‌ಸೆಕ್ಷನ್ 32, ಇನ್ಸರ್ಶನ್ 64, ಪರ್ಪೆಂಡಿಕ್ಯುಲರ್ 128, ಟ್ಯಾಂಜೆಂಟ್ 256, ನಿಯರೆಸ್ಟ್ 512. ಬೇಕಾದ್ದನ್ನು ಕೂಡಿ. 1, 2, 4, 32, 128 ಸೇರಿದರೆ 167. ಕಮಾಂಡ್ ಲೈನಿನಲ್ಲಿ ಓಎಸ್‌ಮೋಡ್ ಕೊಟ್ಟು 167 ಹೊಡೆದರೆ ನಿಮ್ಮ ಸ್ನ್ಯಾಪ್‌ಗಳೆಲ್ಲ ವಾಪಸ್. ಡಯಲಾಗ್ ತೆರೆದು ಒಂದೊಂದೇ ಟಿಕ್ ಹಾಕುವುದು ಬೇಡ. ಮೂಲ ವ್ಯಾಲ್ಯೂ 4133, ಅಂದರೆ ಎಂಡ್, ಸೆಂಟರ್, ಇಂಟರ್‌ಸೆಕ್ಷನ್ ಮತ್ತು 4096 ಇರುವ ಎಕ್ಸ್‌ಟೆನ್ಶನ್.

ನಿಯರೆಸ್ಟನ್ನು ಸದಾ ಆನ್ ಇಡಬೇಡಿ. ಮೂಲೆ ಹಿಡಿಯಲು ಹೋದಾಗ ಅದರ ಪಕ್ಕದ ಯಾವುದೋ ಬಿಂದು ಹಿಡಿಯುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ, ಡೈಮೆನ್ಶನ್ 2999 ಅಂತ ಬಂದಾಗಲೇ ತಿಳಿಯುವುದು.

ಸರ್ವೆ ಫೈಲಿನಲ್ಲಿ ಎರಡು ಗೆರೆ ಕೂಡುತ್ತಿಲ್ಲ, ಫಿಲೆಟ್ ಆಗುತ್ತಿಲ್ಲ, ಅಳತೆಯೂ ಸ್ವಲ್ಪ ಜಾಸ್ತಿ ಬರುತ್ತದೆ.

ಸರ್ವೆ ಉಪಕರಣವಾದ ಟೋಟಲ್ ಸ್ಟೇಷನ್‌ನಿಂದ ಬಂದ ಬಿಂದುಗಳಿಗೆ ಎತ್ತರ ಇರುತ್ತದೆ. ಒಂದು ಬಿಂದು 912.350 ಮೀಟರಿನಲ್ಲಿದ್ದರೆ ಪಕ್ಕದ್ದು 911.800ರಲ್ಲಿ. ನೀವು ಮೇಲಿನಿಂದ ನೋಡುವಾಗ ಗೆರೆ ಕೂಡಿದಂತೇ ಕಾಣುತ್ತದೆ. ನಿಜದಲ್ಲಿ ಒಂದರ ಮೇಲೊಂದು ಹಾದುಹೋಗುತ್ತಿರುತ್ತದೆ. ಡಿಸ್ಟ್ ಕಮಾಂಡ್ ಕೊಟ್ಟು ಡೆಲ್ಟಾ ಜೆಡ್ ನೋಡಿದರೆ ಸಂಶಯ ಬಗೆಹರಿಯುತ್ತದೆ.

ಓಸ್ನ್ಯಾಪ್‌ಜೆಡ್ 1 ಮಾಡಿ, ಎಲಿವೇಶನ್ 0 ಇದೆಯಾ ನೋಡಿ. ಆಮೇಲೆ ಯಾವ ಬಿಂದುವಿಗೆ ಸ್ನ್ಯಾಪ್ ಮಾಡಿದರೂ ಗೆರೆ ಸಮತಟ್ಟಾಗಿ 0 ಮಟ್ಟದಲ್ಲೇ ಬರುತ್ತದೆ. ಇದು ಎಲ್ಲೂ ಉಳಿಯದ ಜಾತಿ, ಪ್ರತಿ ಸಲ ಕೊಡಬೇಕು. ಹಾಗಿರುವುದೇ ಒಳ್ಳೆಯದು, ಯಾಕೆಂದರೆ ಮರೆತು ಆನ್ ಬಿಟ್ಟು ಕಾಂಟೂರ್ ಕೆಲಸ ಮಾಡಿದರೆ ಲೆವೆಲ್ ಎಲ್ಲ ಹೋಗುತ್ತದೆ. ಆಗಲೇ ಎಳೆದದ್ದನ್ನು ಸಮತಟ್ಟು ಮಾಡಲು ಎಕ್ಸ್‌ಪ್ರೆಸ್ ಟೂಲ್ಸ್‌ನ ಫ್ಲಾಟನ್ ಇದೆ. ಕಾಪಿ ಫೈಲಿನಲ್ಲಿ ಮಾತ್ರ ಮಾಡಿ. ಸರ್ವೆಯರ್ ಬಿಸಿಲಲ್ಲಿ ನಿಂತು ತಂದ ಲೆವೆಲ್‌ಗಳು ಮೂಲ ಫೈಲಿನಲ್ಲಿ ಹಾಗೇ ಇರಬೇಕು, ಚರಂಡಿ ಇಳಿಜಾರು ನೋಡಲು ನಾಳೆ ಅದೇ ಬೇಕಾಗುತ್ತದೆ.

100,50 ಅಂತ ಕೊಟ್ಟರೆ ಒಂದೊಂದು ಸಿಸ್ಟಮ್ಮಿನಲ್ಲಿ ಒಂದೊಂದು ಕಡೆ ಹೋಗುತ್ತದೆ.

ಡೈನಾಮಿಕ್ ಇನ್‌ಪುಟ್ ಆನ್ ಇದ್ದರೆ ಎರಡನೇ ಬಿಂದು ಹಿಂದಿನ ಬಿಂದುವಿನಿಂದ ಲೆಕ್ಕ. ಆಫ್ ಇದ್ದರೆ 0,0ಯಿಂದ ಲೆಕ್ಕ. ಎಫ್12 ಒತ್ತಿದರೆ ಆನ್-ಆಫ್ ಆಗುತ್ತದೆ, ವೇರಿಯಬಲ್ ಹೆಸರು ಡೈನ್‌ಮೋಡ್, ಪೂರ್ತಿ ಆನ್ ಅಂದರೆ 3. ಸರ್ವೆಯ ಕೋಆರ್ಡಿನೇಟ್ ಟೈಪ್ ಮಾಡುವಾಗ ಇದು ನೆನಪಿರಲಿ. ಮುಂದೆ ಹ್ಯಾಶ್ ಚಿಹ್ನೆ ಹಾಕಿದರೆ ಯಾವಾಗಲೂ 0,0ಯಿಂದ, ಆಟ್ ಚಿಹ್ನೆ ಹಾಕಿದರೆ ಯಾವಾಗಲೂ ಹಿಂದಿನ ಬಿಂದುವಿನಿಂದ. ಈ ಅಭ್ಯಾಸ ಮಾಡಿಕೊಂಡರೆ ಸೆಟ್ಟಿಂಗಿನ ಹಂಗೇ ಇರುವುದಿಲ್ಲ.

ಹೊಸ ವರ್ಷನ್ನಿನಲ್ಲಿ ಟ್ರಿಮ್ ಬೇರೆ ಥರ ಕೆಲಸ ಮಾಡುತ್ತದೆ. ಹಳೇದು ಬೇಕು.

2021ರಿಂದ ಟ್ರಿಮ್, ಎಕ್ಸ್‌ಟೆಂಡ್ ಎರಡೂ ಕ್ವಿಕ್ ಮೋಡಿನಲ್ಲಿ ಬರುತ್ತವೆ. ಟ್ರಿಮ್‌ಎಕ್ಸ್‌ಟೆಂಡ್‌ಮೋಡ್ 0 ಕೊಟ್ಟರೆ ಹಳೇ ರೀತಿ. ಆದರೂ ಒಂದು ವಾರ ಹೊಸದನ್ನೇ ಬಳಸಿ ನೋಡಿ ಅಂತ ಹೇಳುತ್ತೇನೆ, ಗೋಡೆ ಮೂಲೆಗಳ ಕೆಲಸ ಬೇಗ ಮುಗಿಯುತ್ತದೆ.

ಮೌಸ್ ಚಕ್ರ ತಿರುಗಿಸಿದರೆ ಜೂಮ್ ತುಂಬಾ ನಿಧಾನ. ಚಕ್ರ ಒತ್ತಿದರೆ ಪ್ಯಾನ್ ಆಗುವ ಬದಲು ಮೆನು ಬರುತ್ತದೆ.

ಜೂಮ್‌ಫ್ಯಾಕ್ಟರ್ ಮೂಲ ವ್ಯಾಲ್ಯೂ 60, 3ರಿಂದ 100ರವರೆಗೆ ಕೊಡಬಹುದು. ಪ್ಯಾನ್‌ಗೆ ಎಂಬಟನ್‌ಪ್ಯಾನ್ 1. ಚಕ್ರದ ದಿಕ್ಕು ಉಲ್ಟಾ ಆಗಿದ್ದರೆ ಜೂಮ್‌ವೀಲ್ 0. ಉದ್ದ ಕ್ರಾಸ್‌ಹೇರ್ ಬೇಕಿದ್ದವರು ಕರ್ಸರ್‌ಸೈಜ್ 100 ಮಾಡಿ.

ಇಮೇಜ್ ಸುತ್ತ, ವೈಪ್‌ಔಟ್ ಸುತ್ತ ಬರುವ ಗೆರೆ ಪ್ರಿಂಟಿನಲ್ಲಿ ಬೇಡ.

ಫ್ರೇಮ್ 2. ಸ್ಕ್ರೀನಿನಲ್ಲಿ ಕಾಣುತ್ತದೆ, ಪ್ರಿಂಟಿನಲ್ಲಿ ಬರುವುದಿಲ್ಲ. 0 ಮಾಡಬೇಡಿ, ಆಮೇಲೆ ವೈಪ್‌ಔಟ್ (ಕೆಳಗಿರುವುದನ್ನು ಮರೆಮಾಡುವ ಮುಸುಕು) ಎಲ್ಲಿದೆ ಅಂತ ಹುಡುಕಿ ಹಿಡಿಯುವುದು ಕಷ್ಟ.

ಪಿಡಿಎಫ್ ಕಳಿಸಿದರೆ ಅಕ್ಷರದ ಮೇಲೆಲ್ಲ ಕಮೆಂಟ್ ಬಾಕ್ಸ್ ಬರುತ್ತದೆ ಅಂತಾರೆ.

ಎಸ್‌ಎಚ್‌ಎಕ್ಸ್ ಅಕ್ಷರಗಳನ್ನು ಪಿಡಿಎಫಿನಲ್ಲಿ ಹುಡುಕಲು ಆಗಲಿ ಅಂತ ಅವನ್ನು ಕಮೆಂಟ್ ಆಗಿ ಸೇರಿಸುತ್ತದೆ. ಪಿಡಿಎಫ್‌ಎಸ್‌ಎಚ್‌ಎಕ್ಸ್ 0 ಮಾಡಿದರೆ ಬರುವುದಿಲ್ಲ. ಇನ್ನು ಪಬ್ಲಿಷ್ ಕೊಟ್ಟು ಏನಾಯ್ತು ಅಂತಲೇ ತಿಳಿಯದೆ ಹೋದರೆ ಬ್ಯಾಕ್‌ಗ್ರೌಂಡ್‌ಪ್ಲಾಟ್ 0 ಮಾಡಿ ನೋಡಿ, ಕೆಲಸ ಕಣ್ಣೆದುರೇ ನಡೆಯುತ್ತದೆ.

ಸಿಸ್ಟಂ ಹಳೇದು, ಆಟೋಕ್ಯಾಡ್ ತುಂಬಾ ನಿಧಾನ. ಯಾವ ಸೆಟ್ಟಿಂಗ್ ಕಡಿಮೆ ಮಾಡಲಿ?

ಸೆಲೆಕ್ಷನ್‌ಪ್ರಿವ್ಯೂ 0, ರೋಲ್‌ಓವರ್‌ಟಿಪ್ಸ್ 0, ವಿಟಿಎನೇಬಲ್ 0. ಮೊದಲನೆಯದು ಕರ್ಸರ್ ಹಾದಲ್ಲೆಲ್ಲ ಆಬ್ಜೆಕ್ಟ್ ಮಿನುಗುವುದನ್ನು ನಿಲ್ಲಿಸುತ್ತದೆ, ಎರಡನೆಯದು ಹತ್ತಿರ ಹೋದರೆ ಬರುವ ಮಾಹಿತಿ ಚೌಕವನ್ನು, ಮೂರನೆಯದು ಜೂಮ್ ಮಾಡುವಾಗಿನ ನಯವಾದ ಚಲನೆಯನ್ನು. ಕೆಲಸಕ್ಕೆ ಯಾವ ನಷ್ಟವೂ ಇಲ್ಲ.

ಒಂದೇ ಫೈಲ್ ಮಾತ್ರ ನಿಧಾನ ಇದ್ದರೆ ವೇರಿಯಬಲ್ ಹುಡುಕಬೇಡಿ, ಫೈಲ್ ಶುದ್ಧ ಮಾಡಿ. ಆಡಿಟ್ ಕೊಡಿ, ಪರ್ಜ್ ಕೊಡಿ, ಪರ್ಜ್ ಮುಂದೆ ಹೈಫನ್ ಹಾಕಿ ರೆಗ್‌ಆ್ಯಪ್ಸ್ ತೆಗೆಯಿರಿ, ಒಂದರ ಮೇಲೊಂದು ಕೂತ ಗೆರೆಗಳಿಗೆ ಓವರ್‌ಕಿಲ್. ಸರ್ಕಲ್ ಮೂಲೆಮೂಲೆಯಾಗಿ ಕಂಡರೆ ಮಾತ್ರ ಹೆದರಬೇಡಿ, ರೀಜೆನ್ ಕೊಟ್ಟರೆ ದುಂಡಗಾಗುತ್ತದೆ, ಪ್ರಿಂಟಿನಲ್ಲಿ ಹೇಗೂ ಸರಿಯಾಗಿ ಬರುತ್ತದೆ.

ಎಲ್ಲೂ ಉಳಿಯದ ಸೆಟ್ಟಿಂಗ್‌ಗಳನ್ನು ಪ್ರತಿ ಸಲ ತಾನಾಗಿ ಬರುವಂತೆ ಮಾಡುವುದು ಹೇಗೆ?

ಅಕ್ಯಾಡ್‌ಡಾಕ್ ಅನ್ನುವ ಹೆಸರಿನ ಲಿಸ್ಪ್ ಫೈಲ್ ಮಾಡಿ, ಎ-ಸಿ-ಎ-ಡಿ-ಡಿ-ಒ-ಸಿ. ಪ್ರತಿ ಡ್ರಾಯಿಂಗ್ ತೆರೆದಾಗಲೂ ಇದು ಓಡುತ್ತದೆ. ಬರೀ ಅಕ್ಯಾಡ್ ಅಂತ ಹೆಸರಿಟ್ಟರೆ ಆಟೋಕ್ಯಾಡ್ ಶುರುವಾದಾಗ ಒಂದೇ ಸಲ ಓಡುತ್ತದೆ. ಒಳಗೆ ಒಂದು ಸಾಲಿಗೆ ಒಂದು ವೇರಿಯಬಲ್ ಬರೆಯಿರಿ: ದುಂಡು ಆವರಣ ತೆರೆದು ಸೆಟ್‌ವಾರ್, ಜೋಡಿ ಉದ್ಧರಣ ಚಿಹ್ನೆಯೊಳಗೆ ವೇರಿಯಬಲ್ ಹೆಸರು, ಆಮೇಲೆ ವ್ಯಾಲ್ಯೂ, ಆವರಣ ಮುಚ್ಚಿ. ಫೈಲ್‌ಡಯಾ 1, ಪಿಕ್‌ಫಸ್ಟ್ 1, ಹೈಲೈಟ್ 1, ನಿಮ್ಮ ಓಎಸ್‌ಮೋಡ್ ಸಂಖ್ಯೆ, ಇಷ್ಟು ಹಾಕಿದರೂ ಮೇಲಿನ ದೂರುಗಳಲ್ಲಿ ಎಷ್ಟೋ ಕಡಿಮೆಯಾಗುತ್ತವೆ. ಈ ಫೈಲನ್ನು ಆಟೋಕ್ಯಾಡಿನ ಸಪೋರ್ಟ್ ಪಾತ್‌ನಲ್ಲಿರುವ ಫೋಲ್ಡರಿನಲ್ಲಿ ಇಡಿ. ಆಟೋಕ್ಯಾಡಿನ ಅಗ್ಗದ ಆವೃತ್ತಿ ಎಲ್‌ಟಿ ಬಳಸುವವರಿಗೆ ಲಿಸ್ಪ್ ಸಿಕ್ಕಿದ್ದು 2024ರ ವರ್ಷನ್ನಿನಿಂದ, ಅದಕ್ಕಿಂತ ಹಳೇದರಲ್ಲಿ ಆಗುವುದಿಲ್ಲ.

ಮಿರ್‌ಟೆಕ್ಸ್ಟ್‌ನಂಥ ಡ್ರಾಯಿಂಗ್ ಜಾತಿಯನ್ನೂ ಇದರಲ್ಲಿ ಹಾಕಬಹುದು. ಎಲ್‌ಟಿಸ್ಕೇಲ್, ಇನ್ಸ್‌ಯೂನಿಟ್ಸ್ ಮಾತ್ರ ಹಾಕಬೇಡಿ. ಬೇರೆಯವರು ಕಳಿಸಿದ ಮೀಟರ್ ಫೈಲನ್ನು ನಿಮ್ಮ ಲಿಸ್ಪ್ ಸದ್ದಿಲ್ಲದೆ ಮಿಲಿಮೀಟರ್ ಅಂತ ಗುರುತು ಮಾಡಿಬಿಡುತ್ತದೆ, ಅದು ವಾಪಸ್ ಹೋದಾಗ ಅವರಿಗೆ ತೊಂದರೆ.

ಫೈಲ್ ತೆರೆಯುವಾಗ ಲೋಡ್ ಮಾಡಲಾ ಬೇಡವಾ ಅಂತ ಸೆಕ್ಯೂರಿಟಿ ಎಚ್ಚರಿಕೆ ಬರುತ್ತದೆ. ಆಫ್ ಮಾಡಬಹುದಾ?

ಸೆಕ್ಯೂರ್‌ಲೋಡ್ 0 ಮಾಡಿದರೆ ನಿಲ್ಲುತ್ತದೆ. ಆದರೆ ಮಾಡಬೇಡಿ. ಆಟೋಕ್ಯಾಡಿಗೂ ವೈರಸ್ ಇದೆ, ಅದು ಹರಡುವುದು ಮೇಲೆ ಹೇಳಿದ ದಾರಿಯಿಂದಲೇ. ಪೆನ್ ಡ್ರೈವಿನಲ್ಲಿ ಅಥವಾ ಜಿಪ್ ಫೈಲಿನಲ್ಲಿ ಡ್ರಾಯಿಂಗ್ ಜೊತೆ ಅಕ್ಯಾಡ್, ಅಕ್ಯಾಡ್‌ಡಾಕ್ ಅನ್ನುವ ಹೆಸರಿನ ಲಿಸ್ಪ್, ಎಫ್‌ಎಎಸ್ ಅಥವಾ ವಿಎಲ್‌ಎಕ್ಸ್ ಫೈಲ್ (ಕೊನೆಯ ಎರಡು ಕಂಪೈಲ್ ಮಾಡಿದ ಲಿಸ್ಪ್) ಬಂದಿದ್ದರೆ, ಕಳಿಸಿದವರಿಗೆ ಅದರ ಬಗ್ಗೆ ಗೊತ್ತಿಲ್ಲದಿದ್ದರೆ, ತೆರೆಯದೆ ಅಳಿಸಿ, ಅವರಿಗೂ ಹೇಳಿ. ಸೆಕ್ಯೂರ್‌ಲೋಡ್ 1ರಲ್ಲೇ ಇರಲಿ. ನಿಮ್ಮ ಆಫೀಸಿನ ಲಿಸ್ಪ್ ಫೋಲ್ಡರನ್ನು ಟ್ರಸ್ಟೆಡ್‌ಪಾತ್ಸ್‌ಗೆ ಸೇರಿಸಿದರೆ ಅಲ್ಲಿನ ಫೈಲುಗಳಿಗೆ ಎಚ್ಚರಿಕೆ ಬರುವುದಿಲ್ಲ.

ಯಾವ ವೇರಿಯಬಲ್ ಬದಲಾಗಿದೆ ಅಂತ ಆಟೋಕ್ಯಾಡೇ ಹೇಳುವ ಹಾಗೆ ಮಾಡಬಹುದಾ?

2016ರಿಂದ ಸಿಸ್‌ವಾರ್‌ಮಾನಿಟರ್ ಇದೆ. ನಿಮಗೆ ಮುಖ್ಯವಾದ ವೇರಿಯಬಲ್‌ಗಳನ್ನು, ಇರಬೇಕಾದ ವ್ಯಾಲ್ಯೂ ಸಮೇತ ಅದರ ಪಟ್ಟಿಗೆ ಹಾಕಿ. ಯಾವುದಾದರೂ ಬದಲಾದರೆ ತಿಳಿಸುತ್ತದೆ, ಒಂದೇ ಕ್ಲಿಕ್ಕಿನಲ್ಲಿ ಎಲ್ಲವನ್ನೂ ವಾಪಸ್ ತರಬಹುದು. ಲಿಸ್ಪ್ ಬರೆಯಲು ಮನಸ್ಸಿಲ್ಲದವರು ಇದರಿಂದ ಶುರುಮಾಡಿ.

ಬ್ರಿಕ್ಸ್‌ಕ್ಯಾಡ್, ಜೆಡ್‌ಡಬ್ಲ್ಯೂಕ್ಯಾಡ್ ಬಳಸುವವರಿಗೆ ಇದೆಲ್ಲ ಅನ್ವಯಿಸುತ್ತದಾ?

ಇವು ಆಟೋಕ್ಯಾಡಿನಂಥವೇ, ಬೇರೆ ಕಂಪನಿಗಳ ಸಾಫ್ಟ್‌ವೇರುಗಳು. ಹೆಚ್ಚಿನ ವೇರಿಯಬಲ್‌ಗಳು ಅದೇ ಹೆಸರಿನಲ್ಲಿ ಇವೆ, ಡ್ರಾಯಿಂಗಿನಲ್ಲಿ ಉಳಿಯುವ ಜಾತಿಯಂತೂ ಫೈಲಿನ ಜೊತೆಗೇ ಬರುತ್ತವೆ. ಬ್ರಿಕ್ಸ್‌ಕ್ಯಾಡಿನಲ್ಲಿ ಸೆಟ್ಟಿಂಗ್ಸ್ ಕಮಾಂಡ್ ಕೊಟ್ಟರೆ ಎಲ್ಲ ವೇರಿಯಬಲ್‌ಗಳೂ ಒಂದೇ ಕಡೆ ಸಿಗುತ್ತವೆ, ಹುಡುಕುವ ಸೌಲಭ್ಯವೂ ಇದೆ. ಟ್ರಿಮ್‌ಎಕ್ಸ್‌ಟೆಂಡ್‌ಮೋಡ್, ಸಿಸ್‌ವಾರ್‌ಮಾನಿಟರ್‌ನಂಥ ಹೊಸವು ಸಿಗದಿದ್ದರೆ ಆ ಸಾಫ್ಟ್‌ವೇರಿನ ಹೆಲ್ಪಿನಲ್ಲಿ ನೋಡಿ.